ತೃಪ್ತಿಯಾಯಿತೇ ಎಂದಲ್ಲ, ಏನಾಯಿತು ಎಂದು ಕೇಳಿ

ಕ್ಯಾನ್ಸರ್ ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಮಾತ್ರೆ ಚೀಟಿಗಳ ಜೊತೆ ಇನ್ನೊಂದು ಹಾಳೆ ಕೈಗೆ ಬರುತ್ತದೆ. ಅದರ ತುಂಬ ಹಳದಿ ಮುಖಗಳು, ಅಳುವ ಮುಖದಿಂದ ಹಲ್ಲು ಬಿಟ್ಟು ನಗುವ ಮುಖದವರೆಗೆ ಐದೈದು. ವೈದ್ಯರ ಸೇವೆ ಹೇಗಿತ್ತು, ದಾದಿಯರ ಸೇವೆ ಹೇಗಿತ್ತು, ಸ್ವಚ್ಛತೆ, ಊಟ, ಒಟ್ಟಾರೆ ಅನುಭವ. ಹೊರಗೆ ಆಟೊದವನು ಹಾರ್ನ್ ಹೊಡೆಯುತ್ತಿದ್ದಾನೆ. ಮಗ ಬಾಕಿ ದುಡ್ಡಿಗಾಗಿ ಭಾವನಿಗೆ ಫೋನ್ ಹಚ್ಚಿದ್ದಾನೆ. ಸೊಸೆ ನಿಂತಲ್ಲೇ ಎಲ್ಲ ಸಾಲಿನ ಕೊನೆಯ ನಗುಮುಖಕ್ಕೂ ಟಿಕ್ ಹಾಕಿ, ಅತ್ತೆಯ ಹೆಸರಿನಲ್ಲಿ ತಾನೇ ಸಹಿ ಮಾಡಿ ಕೊಡುತ್ತಾಳೆ. ಅತ್ತೆ ವೀಲ್‌ಚೇರಿನಲ್ಲಿ ಕೂತಿದ್ದಾರೆ, ಅವರನ್ನು ಯಾರೂ ಕೇಳಿಲ್ಲ. ಕೇಳಿದ್ದರೂ ಅವರೇನೂ ಅಳುವ ಮುಖಕ್ಕೆ ಟಿಕ್ ಹಾಕುತ್ತಿರಲಿಲ್ಲ. ಇನ್ನು ಮೂರು ವಾರಕ್ಕೆ ಮುಂದಿನ ಕೀಮೋ ಇದೆ. ಅದೇ ಕೌಂಟರು, ಅದೇ ಸಿಸ್ಟರು. ಮತ್ತೆ ಹೋಗಿ ಕೈಯೊಡ್ಡಬೇಕಾದ ಜಾಗದಲ್ಲಿ ಯಾರು ತಾನೇ ದೂರು ಬರೆದಿಟ್ಟು ಬರುತ್ತಾರೆ?

ತಿಂಗಳ ಕೊನೆಗೆ ಆ ಹಾಳೆಗಳೆಲ್ಲ ಕೂಡಿ ಒಂದು ಅಂಕಿ ಆಗುತ್ತವೆ. ರೋಗಿಗಳ ತೃಪ್ತಿ ಶೇಕಡಾ ಇಷ್ಟು ಎಂದು ಗುಣಮಟ್ಟ ಸಮಿತಿಯ ಸಭೆಯಲ್ಲಿ ಓದುತ್ತಾರೆ. ಅಂಕಿ ಹೆಚ್ಚೂಕಡಿಮೆ ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಈಗ ಅದೇ ಸೊಸೆಯನ್ನು ಬೇರೆ ಥರ ಕೇಳಿ ನೋಡೋಣ. "ಕೀಮೋ ಆಗಿ ಮನೆಗೆ ಹೋದ ಮೇಲೆ ರಾತ್ರಿ ಹನ್ನೆರಡಕ್ಕೆ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ?" ಇದಕ್ಕೆ ಹಳದಿ ಮುಖ ಬೇಕಿಲ್ಲ. ಹೇಳಿದ್ದಾರೆ ಅಥವಾ ಹೇಳಿಲ್ಲ, ಅಷ್ಟೇ. ಹೇಳಿಲ್ಲ ಎಂದಾದರೆ ಅದು ಮರ್ಯಾದೆಯ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಕೀಮೋ ಕೊಟ್ಟ ಒಂದೆರಡು ವಾರದಲ್ಲಿ ರಕ್ತದ ಬಿಳಿಕಣಗಳು ಪಾತಾಳಕ್ಕೆ ಇಳಿಯುತ್ತವೆ. ಆಗ ಬರುವ ನೂರಾ ಒಂದು ಡಿಗ್ರಿ ಜ್ವರವನ್ನು ಬೆಳಗಾಗಲಿ ನೋಡೋಣ ಎಂದು ಪ್ಯಾರಸಿಟಮಾಲ್ ನುಂಗಿಸಿ ಮಲಗಿಸಿದರೆ ಬೆಳಗಾಗುವುದರೊಳಗೆ ಸೋಂಕು ರಕ್ತಕ್ಕೆ ಏರಿರಬಹುದು. ಗಂಟೆಗಳ ಲೆಕ್ಕದಲ್ಲಿ ಆ್ಯಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು. ಇಂಥ ಹತ್ತು ಮಂದಿಯಲ್ಲಿ ಏಳು ಮಂದಿ "ಹೇಳಿಲ್ಲ" ಅಂದರು ಎಂದಿಟ್ಟುಕೊಳ್ಳಿ. ಆಸ್ಪತ್ರೆ ಮಾಡಬೇಕಾದ್ದು ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ: ಒಂದು ಮೊಬೈಲು, ರಾತ್ರಿ ಪಾಳಿಯಲ್ಲಿ ಅದನ್ನು ಎತ್ತುವ ಒಬ್ಬರು, ಫೈಲಿನ ಮೇಲೆ ಆ ನಂಬರಿನ ಚೀಟಿ. ತೃಪ್ತಿ ಶೇಕಡಾ 92 ಎಂಬ ಅಂಕಿ ಇಟ್ಟುಕೊಂಡು ಯಾರು ಏನು ಮಾಡಲಾದೀತು?

ರೋಗಿಗಳ ಅನುಭವವನ್ನು ಅಳೆಯುವ ವಿದ್ಯೆ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿದವರಲ್ಲಿ ಮುಖ್ಯರಾದವರು ಹಾರ್ವಿ ಪಿಕರ್. ಅವರದು ಎಕ್ಸ್-ರೇ ಯಂತ್ರ ತಯಾರಿಸುತ್ತಿದ್ದ ಮನೆತನ. ಹೆಂಡತಿಯ ದೀರ್ಘ ಕಾಯಿಲೆಯಲ್ಲಿ ಆಸ್ಪತ್ರೆಗಳನ್ನು ಇನ್ನೊಂದು ಬದಿಯಿಂದ, ಹಾಸಿಗೆಯ ಪಕ್ಕದ ಕುರ್ಚಿಯಿಂದ, ನೋಡಿದ ಮೇಲೆ ಗಂಡಹೆಂಡತಿ ಇಬ್ಬರೂ ಸೇರಿ ತಮ್ಮ ಹೆಸರಿನ ಸಂಸ್ಥೆ ಕಟ್ಟಿದರು. ವೈದ್ಯಕೀಯ ಕೌಶಲದಲ್ಲಿ ಮುಂದಿದ್ದ ಆಸ್ಪತ್ರೆಗಳಲ್ಲೇ ರೋಗಿಯ ಮಾತಿಗೆ ಜಾಗವಿಲ್ಲ ಎಂಬುದು ಅವರ ತಕರಾರು. ಯಂತ್ರ ಮಾರಿದ ಮನೆಯವರೇ ಯಂತ್ರದಾಚೆಗಿನದನ್ನು ಅಳೆಯಲು ಹೊರಟರು. ಆ ಸಂಸ್ಥೆಯ ಯುರೋಪಿನ ಶಾಖೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಈಗಲೂ ಕೆಲಸ ಮಾಡುತ್ತಿದೆ.

ಈ ಕೆಲಸವನ್ನು ಕ್ಯಾನ್ಸರಿನ ಮಟ್ಟಿಗೆ ಬಹಳ ದೊಡ್ಡದಾಗಿ, ವರ್ಷವರ್ಷವೂ ಹಟ ಹಿಡಿದು ಮಾಡಿದ ದೇಶ ಇಂಗ್ಲೆಂಡ್. 1990ರ ದಶಕದಲ್ಲಿ ಅಲ್ಲಿಗೊಂದು ನಾಚಿಕೆಯ ಸಂಗತಿ ಗೊತ್ತಾಯಿತು. ಕ್ಯಾನ್ಸರ್ ಬಂದವರು ಬದುಕುಳಿಯುವ ಲೆಕ್ಕದಲ್ಲಿ ಬ್ರಿಟನ್ ಯುರೋಪಿನ ಹಲವು ದೇಶಗಳಿಗಿಂತ ಹಿಂದಿದೆ, ಅದೂ ಸಾಲದು ಎಂಬಂತೆ ಒಂದೊಂದು ಊರಿನ ಆಸ್ಪತ್ರೆಯಲ್ಲಿ ಒಂದೊಂದು ಗತಿ. 1995ರಲ್ಲಿ ಕಾಲ್ಮನ್ ಮತ್ತು ಹೈನ್ ಎಂಬ ಇಬ್ಬರು ಮುಖ್ಯ ವೈದ್ಯಾಧಿಕಾರಿಗಳ ವರದಿ ಬಂತು, 2000ದಲ್ಲಿ ಕ್ಯಾನ್ಸರಿಗೆಂದೇ ರಾಷ್ಟ್ರೀಯ ಯೋಜನೆ ಬಂತು. ನಡುನಡುವೆ ರೋಗಿಗಳ ಅನುಭವ ಕೇಳುವ ಒಂದೆರಡು ಸಮೀಕ್ಷೆ ನಡೆದವು. 2010ರಿಂದ ಅದು ಹೆಚ್ಚುಕಡಿಮೆ ವಾರ್ಷಿಕ ವ್ರತವಾಯಿತು. ಆ ವರ್ಷ 158 ಆಸ್ಪತ್ರೆ ಸಮೂಹಗಳ ರೋಗಿಗಳಿಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಯಿತು. 67,713 ಜನ ತುಂಬಿ ವಾಪಸು ಕಳಿಸಿದರು. ಹೋದ ಪ್ರಶ್ನಾವಳಿಗಳಲ್ಲಿ ಇದು ಶೇ. 67. ಮನೆಗೆ ಬಂದ ಉದ್ದನೆಯ ಫಾರಂ ಒಂದನ್ನು ಮೂರರಲ್ಲಿ ಎರಡು ಪಾಲು ಕಾಯಿಲೆಯವರು ಕೂತು ತುಂಬಿದರು ಅಂದರೆ ಅವರಿಗೆ ಹೇಳುವುದು ಎಷ್ಟಿತ್ತು ಎಂದು ಯೋಚಿಸಿ. (ಈಚಿನ ವರ್ಷಗಳಲ್ಲಿ ಉತ್ತರಿಸುವವರು ಅರ್ಧದಷ್ಟಕ್ಕೆ ಇಳಿದಿದ್ದಾರೆ. ಸಮೀಕ್ಷೆಯ ಫಾರಂ ಕಂಡರೆ ಬೇಸರ ಅಲ್ಲಿಯೂ ಶುರುವಾಗಿದೆ.)

ಅದನ್ನು ಮಾಡುವ ಕ್ರಮ ಗಮನಿಸುವಂಥದ್ದು. ಫಾರಂ ಕೊಡುವುದು ಡಿಸ್ಚಾರ್ಜ್ ಕೌಂಟರಿನಲ್ಲಿ ಅಲ್ಲ. ಈಗಿನ ಪದ್ಧತಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಚಿಕಿತ್ಸೆ ಪಡೆದು ಹೋದವರ ಪಟ್ಟಿ ತೆಗೆದು, ಅವರು ಬದುಕಿದ್ದಾರೆಯೇ ಎಂದು ದಾಖಲೆಯಲ್ಲಿ ಒಂದಕ್ಕೆರಡು ಬಾರಿ ನೋಡಿಕೊಂಡು, ತಿಂಗಳುಗಳ ನಂತರ ಮನೆಗೆ ಕಳಿಸುತ್ತಾರೆ. ಉತ್ತರ ಹೋಗುವುದು ಆಸ್ಪತ್ರೆಗಲ್ಲ, ಹೊರಗಿನ ಸಂಸ್ಥೆಗೆ. ಬರೆದವರು ಯಾರೆಂದು ಡಾಕ್ಟರಿಗೆ ತಿಳಿಯುವುದಿಲ್ಲ. ಫಲಿತಾಂಶವನ್ನು ಮಾತ್ರ ಆಸ್ಪತ್ರೆಯ ಹೆಸರು ಹಾಕಿ, ಪ್ರಶ್ನೆ ಪ್ರಶ್ನೆಗೂ ಬಿಡಿಸಿ, ಊರಿಗೆಲ್ಲ ಕಾಣುವಂತೆ ಪ್ರಕಟಿಸುತ್ತಾರೆ. ಬರೆದವರ ಹೆಸರು ಗುಟ್ಟು, ಆಸ್ಪತ್ರೆಯ ಹೆಸರು ಬಯಲು. ನಮ್ಮಲ್ಲಿ ಇದು ಸಾಮಾನ್ಯವಾಗಿ ತಿರುಗುಮುರುಗು.

ಪ್ರಶ್ನೆಗಳ ಕೊನೆಯಲ್ಲಿ ಅವರೂ ಒಂದು ಒಟ್ಟಾರೆ ಅಂಕ ಕೇಳುತ್ತಾರೆ, ಸೊನ್ನೆಯಿಂದ ಹತ್ತು. ಈಚಿನ ವರ್ಷಗಳಲ್ಲಿ ಅದರ ಸರಾಸರಿ 8.9ರ ಆಸುಪಾಸಿನಲ್ಲಿ ನಿಂತುಬಿಟ್ಟಿದೆ. ಒಳ್ಳೆಯ ಆಸ್ಪತ್ರೆಗೂ ಸುಮಾರಾದದ್ದಕ್ಕೂ ನಡುವೆ ದಶಾಂಶದ ಅಂತರ. ಇಂಗ್ಲಿಷರೂ ಕೃತಜ್ಞರೇ, ಜೀವ ಉಳಿಸಿದವರಿಗೆ ಅವರೂ ಕಡಿಮೆ ಅಂಕ ಕೊಡುವುದಿಲ್ಲ. ಸರಕು ಸಿಗುವುದು ಒಳಗಿನ ಪ್ರಶ್ನೆಗಳಲ್ಲಿ. ಕ್ಯಾನ್ಸರ್ ಇದೆ ಎಂದು ತಿಳಿಸುವಾಗ ಮನೆಯವರನ್ನೋ ಸ್ನೇಹಿತರನ್ನೋ ಕರೆತರಬಹುದು ಎಂದು ಹೇಳಿದ್ದರೇ? ಹೇಳಿದ್ದು ಅರ್ಥವಾಯಿತೇ? ಅಡ್ಡಪರಿಣಾಮ ಏನೇನು ಬರಬಹುದೆಂದು ಮೊದಲೇ ತಿಳಿಸಿದರೇ? ದುಡ್ಡಿನ ನೆರವು ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೇ? ನಿಮ್ಮ ಎದುರೇ ವೈದ್ಯರು ನೀವು ಅಲ್ಲಿ ಇಲ್ಲವೆಂಬಂತೆ ಮಾತಾಡಿಕೊಂಡರೇ? ಈ ಕೊನೆಯ ಪ್ರಶ್ನೆ ಬರೆದವರು ವಾರ್ಡ್ ರೌಂಡ್ಸ್ ನೋಡಿದವರೇ ಇರಬೇಕು.

ಇದರಿಂದ ಏನು ಹೊರಟಿತು? ಮೊದಲ ವರ್ಷಗಳಿಂದಲೂ ಎದ್ದು ಕಂಡದ್ದು ದಾದಿಯ ವಿಷಯ. ಅಲ್ಲಿ ಸ್ತನ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಹೀಗೆ ಒಂದೊಂದಕ್ಕೂ ತರಬೇತಾದ ವಿಶೇಷ ನರ್ಸ್ ಇರುತ್ತಾರೆ. ರೋಗ ಪತ್ತೆಯಾದ ದಿನದಿಂದ ನಿಮಗೆ ಇವರು ಎಂದು ಒಬ್ಬರ ಹೆಸರು, ಫೋನ್ ನಂಬರು ಕೊಡುತ್ತಾರೆ. 2010ರ ಸಮೀಕ್ಷೆಯಲ್ಲಿ ಶೇ. 84 ಜನ ನಮಗೆ ಹಾಗೊಬ್ಬರ ಹೆಸರು ಕೊಟ್ಟಿದ್ದರು ಎಂದರು. ಹಾಗೆ ಹೆಸರು ಸಿಕ್ಕವರ ಉತ್ತರಗಳನ್ನೂ ಸಿಗದವರ ಉತ್ತರಗಳನ್ನೂ ಪಕ್ಕಪಕ್ಕ ಇಟ್ಟಾಗ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಯಲ್ಲೂ ಮೊದಲಿನವರ ಅನುಭವ ಚೆನ್ನಾಗಿತ್ತು. ನರ್ಸಿಗೆ ನೇರ ಸಂಬಂಧವಿಲ್ಲದ ಪ್ರಶ್ನೆಗಳಲ್ಲೂ. ಆಸ್ಪತ್ರೆಗಳು ಖರ್ಚು ಕಡಿತಕ್ಕೆ ಕೈಹಾಕಿದಾಗಲೆಲ್ಲ ಮೊದಲು ಕಣ್ಣು ಬೀಳುವುದು ಇಂಥ ಹುದ್ದೆಗಳ ಮೇಲೆ. ಶಸ್ತ್ರಚಿಕಿತ್ಸಕನ ಕೆಲಸ ಎಣಿಕೆಗೆ ಸಿಗುತ್ತದೆ, ಫೋನ್ ಎತ್ತಿ ಧೈರ್ಯ ಹೇಳಿದ್ದು ಸಿಗುವುದಿಲ್ಲ. ಸಮೀಕ್ಷೆ ಆ ಫೋನ್ ಎತ್ತಿದ್ದಕ್ಕೂ ಒಂದು ಅಂಕಿ ಕೊಟ್ಟಿತು. ಬಜೆಟ್ ಸಭೆಯಲ್ಲಿ ಮೇಜಿನ ಮೇಲೆ ಇಡಲು ನರ್ಸುಗಳ ಪರವಾಗಿ ಒಂದು ಕಾಗದ ಸಿಕ್ಕಿತು.

ಹೆಸರು ಬಯಲಿಗಿಟ್ಟದ್ದರಿಂದ ಇರಿಸುಮುರಿಸೂ ಆಯಿತು. ಮೊದಲ ಕೆಲವು ವರ್ಷ ಪಟ್ಟಿಯ ತಳದಲ್ಲಿ ಕಾಣುತ್ತಿದ್ದುದು ಬಹುಪಾಲು ಲಂಡನ್ನಿನ ಆಸ್ಪತ್ರೆಗಳು, ಜಗತ್ತಿಗೇ ಹೆಸರಾದ ಬೋಧನಾಸ್ಪತ್ರೆಗಳೂ ಸೇರಿ. ನಮ್ಮಲ್ಲಿಗೆ ಬರುವವರು ಬೇರೆ ಬೇರೆ ದೇಶದವರು, ಬೇರೆ ಭಾಷೆಯವರು, ಕಷ್ಟದ ಕೇಸುಗಳು ಎಂಬ ಸಮಜಾಯಿಷಿ ಸಹಜವೇ. ವಯಸ್ಸು, ಜನಾಂಗ, ಕ್ಯಾನ್ಸರಿನ ಬಗೆ ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸಿ ಮತ್ತೆ ನೋಡಿದರು. ಅಂತರ ಒಂದಿಷ್ಟು ಕಿರಿದಾಯಿತು, ಹೋಗಲಿಲ್ಲ. ಅತ್ಯುತ್ತಮ ಸರ್ಜನ್ ಇರುವ ಕಟ್ಟಡದಲ್ಲಿ ಅತ್ಯುತ್ತಮ ಆರೈಕೆ ಇರಲೇಬೇಕೆಂದಿಲ್ಲ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸುವ ಅಗತ್ಯವಿಲ್ಲ.

ಆದರೆ ಈ ಸಮೀಕ್ಷೆಯ ಅತ್ಯಂತ ಉಪಯೋಗದ ಪ್ರಶ್ನೆ ಆಸ್ಪತ್ರೆಯೊಳಗಿನದಲ್ಲ. ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ನಿಮ್ಮ ಊರಿನ ವೈದ್ಯರ ಬಳಿ ಎಷ್ಟು ಸಲ ಹೋಗಿದ್ದಿರಿ ಎಂಬುದು. 2010ರ ಉತ್ತರಗಳನ್ನು ಕೇಂಬ್ರಿಜ್‌ನ ಸಂಶೋಧಕರು ಕ್ಯಾನ್ಸರಿನ ಬಗೆಯ ಪ್ರಕಾರ ಬೇರ್ಪಡಿಸಿ 2012ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ತನ ಕ್ಯಾನ್ಸರಿನವರಲ್ಲಿ ಮೂರು ಅಥವಾ ಹೆಚ್ಚು ಸಲ ಅಲೆದವರು ಶೇ. 7.4 ಮಾತ್ರ. ಕೈಗೆ ಸಿಗುವ ಗಂಟು, ಸಂಶಯಕ್ಕೆ ಎಡೆಯಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಅದು ಶೇ. 41.3. ಮಜ್ಜೆಯಲ್ಲಿ ಹುಟ್ಟುವ ಮಲ್ಟಿಪಲ್ ಮೈಲೋಮದಲ್ಲಿ ಶೇ. 50.6, ಅಂದರೆ ಅರ್ಧಕ್ಕರ್ಧ. ಮೈಲೋಮ ಶುರುವಾಗುವುದೇ ಬೆನ್ನು ನೋವು, ಸುಸ್ತು, ರಕ್ತಹೀನತೆ ಎಂಬ ಮಾಮೂಲಿ ವೇಷದಲ್ಲಿ. ಅರವತ್ತು ದಾಟಿದವರಿಗೆ ಬೆನ್ನು ನೋವು ಅಂದರೆ ಯಾವ ಡಾಕ್ಟರು ಕ್ಯಾನ್ಸರ್ ನೆನೆಯುತ್ತಾರೆ? ಇನ್ನೂ ಒಂದು ಸಂಗತಿ ಹೊರಬಂತು. ಚಿಕ್ಕ ವಯಸ್ಸಿನವರು, ಹೆಂಗಸರು, ಅಲ್ಪಸಂಖ್ಯಾತ ಜನಾಂಗದವರು ಹೆಚ್ಚು ಸಲ ಅಲೆದಿದ್ದರು. ಒಂದೇ ನೋವನ್ನು ಹೇಳಿಕೊಂಡರೂ ಎಲ್ಲರ ಮಾತಿಗೂ ಒಂದೇ ತೂಕವಿರಲಿಲ್ಲ. ಈ ಸಂಗತಿಯನ್ನು ಯಾವ ಸ್ಕ್ಯಾನೂ, ಯಾವ ಕೇಸ್ ಶೀಟೂ ಹೇಳುವುದಿಲ್ಲ, ಅಲೆದವರನ್ನೇ ಕೇಳಬೇಕು. ಯಾವ ಅಂಗವೆಂದು ಗೊತ್ತಾಗದ ಅಸ್ಪಷ್ಟ ಲಕ್ಷಣದವರಿಗೇ ಎಂದು ಇಂಗ್ಲೆಂಡ್ 2019ರಿಂದ ತ್ವರಿತ ತಪಾಸಣಾ ಕೇಂದ್ರಗಳನ್ನು ತೆರೆಯುತ್ತ ಬಂದದ್ದರ ಹಿಂದೆ ಇಂಥ ಅಧ್ಯಯನಗಳ ರಾಶಿ ಇದೆ.

ಇಷ್ಟು ಹೊಗಳಿದ ಮೇಲೆ ಒಂದು ಹಳ್ಳವನ್ನೂ ತೋರಿಸಬೇಕು. ರೋಗಿ ಮೆಚ್ಚಿದ್ದೆಲ್ಲ ಒಳ್ಳೆಯದೇ ಎಂದು ಹೊರಟರೆ ಬೀಳುವ ಹಳ್ಳ. ಬಾಸ್ಟನ್ನಿನ ಜೇನ್ ವೀಕ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಸಾಕ್ಷಿ. ದೇಹದ ಬೇರೆ ಭಾಗಗಳಿಗೆ ಹರಡಿದ, ಅಂದರೆ ನಾಲ್ಕನೇ ಹಂತದ ಶ್ವಾಸಕೋಶ ಅಥವಾ ದೊಡ್ಡಕರುಳಿನ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡ 1,193 ಜನರನ್ನು ಕೇಳಿದರು: ಈ ಔಷಧದಿಂದ ನಿಮ್ಮ ರೋಗ ಪೂರ್ತಿ ವಾಸಿಯಾಗುವ ಸಂಭವ ಎಷ್ಟು? ಆ ಹಂತದಲ್ಲಿ ಕೀಮೋ ಆಯುಸ್ಸು ಒಂದಿಷ್ಟು ಹೆಚ್ಚಿಸೀತು, ನೋವು ತಗ್ಗಿಸೀತು, ರೋಗವನ್ನು ಬೇರುಸಹಿತ ಕೀಳದು. ಅದು ತಮಗೆ ಅರ್ಥವಾಗಿದೆ ಎಂದು ತೋರುವ ಉತ್ತರ ಕೊಡದವರು ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶೇ. 69, ಕರುಳಿನ ಕ್ಯಾನ್ಸರಿನವರಲ್ಲಿ ಶೇ. 81. ಅದಕ್ಕಿಂತ ಕಸಿವಿಸಿಯ ಮಾತು ಮುಂದಿದೆ. ನಮ್ಮ ಡಾಕ್ಟರು ಬಹಳ ಚೆನ್ನಾಗಿ ಮಾತಾಡುತ್ತಾರೆ ಎಂದು ಹೆಚ್ಚು ಅಂಕ ಕೊಟ್ಟವರಲ್ಲೇ ಈ ತಪ್ಪು ನಂಬಿಕೆ ಜಾಸ್ತಿ ಇತ್ತು. ಸತ್ಯ ಹೇಳಿದ ಡಾಕ್ಟರಿಗೆ ಅಂಕ ಕಡಿಮೆ, ಭರವಸೆ ಕೊಟ್ಟವರಿಗೆ ಜಾಸ್ತಿ ಎಂದಾಯಿತೇನೋ! ಸಂಬಳವನ್ನೋ ಬಡ್ತಿಯನ್ನೋ ಈ ಅಂಕಕ್ಕೆ ಗಂಟು ಹಾಕಿದರೆ ಡಾಕ್ಟರುಗಳು ಏನು ಕಲಿಯುತ್ತಾರೆ ಎಂಬುದು ಸ್ಪಷ್ಟ. ಆದ್ದರಿಂದಲೇ "ಚೆನ್ನಾಗಿ ಮಾತಾಡಿದರೇ" ಎಂಬ ಪ್ರಶ್ನೆ ಸಾಲದು. "ನಿಮ್ಮ ಚಿಕಿತ್ಸೆಯ ಗುರಿ ಏನೆಂದು ನಿಮಗೆ ಹೇಳಿದ್ದಾರೆ" ಎಂದೇ ಕೇಳಬೇಕು.

ನಮ್ಮ ಕಡೆ ಈ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ರೋಗಿಗೆ ಕ್ಯಾನ್ಸರ್ ಎಂದೇ ಹೇಳಿರುವುದಿಲ್ಲ. ಓಪಿಡಿ ಬಾಗಿಲಲ್ಲಿ ನಿಂತರೆ ಕಾಣುತ್ತದೆ. ಅಪ್ಪನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಮಗ ಫೈಲ್ ಹಿಡಿದು ಒಬ್ಬನೇ ಒಳಗೆ ನುಗ್ಗುತ್ತಾನೆ. "ಸಾರ್, ಅಪ್ಪಾಜಿಗೆ ಹೇಳಿಲ್ಲ ಸಾರ್. ಗಡ್ಡೆ ಇದೆ, ಕರೆಂಟ್ ಕೊಟ್ಟರೆ ಕರಗತ್ತೆ ಅಂತ ಹೇಳಿದೀವಿ. ನೀವೂ ಹಾಗೇ ಹೇಳ್ಬಿಡಿ." ಆಮೇಲೆ ಅಪ್ಪ ಬರುತ್ತಾರೆ. ಗೋಡೆಯ ಮೇಲೆಲ್ಲ ಕ್ಯಾನ್ಸರ್ ಬಗ್ಗೆ ಪೋಸ್ಟರ್, ಕಟ್ಟಡದ ಹೆಸರಿನಲ್ಲೇ ಕ್ಯಾನ್ಸರ್. ಅಪ್ಪನಿಗೆ ಗೊತ್ತಿಲ್ಲ ಎಂದು ಮಗ ನಂಬಿದ್ದಾನೆ, ಮಗನಿಗೆ ನೋವಾಗಬಾರದೆಂದು ಅಪ್ಪ ಗೊತ್ತಿಲ್ಲದವರಂತೆ ಇದ್ದಾರೆ. ಇದನ್ನು ಬರೀ ಅಜ್ಞಾನ ಎಂದು ಜರೆಯಲು ನನಗೆ ಮನಸ್ಸಿಲ್ಲ, ಪ್ರೀತಿಯೂ ಅದರಲ್ಲಿ ಇದೆ. ಆದರೆ ಅಳೆಯಲು ಹೊರಟವರಿಗೆ ಇದು ದೊಡ್ಡ ತೊಡಕು. ಇಂಗ್ಲೆಂಡಿನ ಆ ಲಕೋಟೆ ಸಿಂಧನೂರಿನ ಒಂದು ಮನೆಗೆ ಬಂದರೆ ಲಕೋಟೆಯೇ ಸುದ್ದಿ ಒಡೆದುಬಿಡುತ್ತದೆ. ಇನ್ನು ಮಗನನ್ನೇ ಕೇಳೋಣ ಎಂದರೆ ಮಗನ ಅನುಭವ ಬೇರೆ, ಅಪ್ಪನದು ಬೇರೆ. ಮಗ ಓಡಾಟ, ದುಡ್ಡು, ಕೌಂಟರಿನ ಸಾಲು ಹೇಳುತ್ತಾನೆ. ಬಾಯಿಹುಣ್ಣಿನಿಂದ ಮೂರು ದಿನ ಮುದ್ದೆ ಇಳಿಯಲಿಲ್ಲ ಎಂಬುದನ್ನು, ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಅಪ್ಪ ಮಗನಿಗೂ ಹೇಳಿರುವುದಿಲ್ಲ.

ನನ್ನ ಪ್ರಕಾರ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕು. ರೋಗಿಯನ್ನು ಕೇಳುವಾಗ ರೋಗದ ಹೆಸರು ಎತ್ತಲೇಬೇಕೆಂದಿಲ್ಲ. ನೋವಿಗೆ ಮಾತ್ರೆ ಕೊಟ್ಟರೇ, ಕೊಟ್ಟದ್ದು ಸಾಕಾಯಿತೇ, ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಎಷ್ಟು ತಿಳಿಯಬೇಕೋ ಅಷ್ಟು ತಿಳಿಸಿದ್ದಾರೆಯೇ ಎಂದು ಕೇಳಿದರೆ ಯಾರ ಗುಟ್ಟೂ ರಟ್ಟಾಗುವುದಿಲ್ಲ. ಆ ಕೊನೆಯ ಪ್ರಶ್ನೆಗೆ ಎಷ್ಟು ಜನ ಅಪ್ಪಂದಿರು "ಇಲ್ಲ, ನನಗಿನ್ನೂ ತಿಳಿಯಬೇಕಿತ್ತು" ಅನ್ನುತ್ತಾರೆ ಎಂಬುದೇ ಮನೆಯವರ ಕಣ್ಣು ತೆರೆಸುವ ಅಂಕಿಯಾದೀತು.

ಎಲ್ಲ ಮುಗಿದ ಮೇಲೆ ಕೇಳುವುದು ಒಂದು ಬಗೆಯಾದರೆ, ಚಿಕಿತ್ಸೆ ನಡೆಯುತ್ತಿರುವಾಗಲೇ ಕೇಳುವುದು ಇನ್ನೊಂದು. ಮುಂದೆ ಬರುವ ರೋಗಿಗೆ ಅನುಕೂಲವಾಗಲೆಂದು ಇವತ್ತಿನ ರೋಗಿ ಫಾರಂ ತುಂಬುವುದರಲ್ಲಿ ಧರ್ಮವಿದೆ, ಸರಿ. ಅವನಿಗೇ ಅನುಕೂಲವಾಗುವ ದಾರಿ ಇಲ್ಲವೇ? ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬಾಶ್ ಎಂಬ ವೈದ್ಯರು ಅದನ್ನು ಪರೀಕ್ಷಿಸಿದರು. ಕ್ಯಾನ್ಸರ್ ಹರಡಿ ಕೀಮೋ ಪಡೆಯುತ್ತಿದ್ದ 766 ಜನರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನವರಿಗೆ ಎಂದಿನ ಆರೈಕೆ. ಇನ್ನೊಂದು ಪಾಲಿನವರು ವಾಕರಿಕೆ, ನೋವು, ಉಬ್ಬಸ, ಸುಸ್ತು, ಹಸಿವಿಲ್ಲದಿರುವುದು ಹೀಗೆ ಹನ್ನೆರಡು ತೊಂದರೆಗಳು ಎಷ್ಟೆಷ್ಟಿವೆ ಎಂದು ಕಂಪ್ಯೂಟರಿನಲ್ಲಿ ತಾವೇ ಗುರುತು ಹಾಕುತ್ತಿದ್ದರು. ಯಾವುದಾದರೂ ಕೆಟ್ಟರೆ ನರ್ಸಿಗೆ ಇಮೇಲ್ ಹೋಗುತ್ತಿತ್ತು, ಮುಕ್ಕಾಲು ಪಾಲು ಸಲ ನರ್ಸು ಏನಾದರೊಂದು ಕ್ರಮ ಕೈಗೊಳ್ಳುತ್ತಿದ್ದರು. ಫೋನ್ ಮಾಡಿ ಮಾತ್ರೆ ಬದಲಿಸುವುದು, ಕರೆಸಿಕೊಂಡು ನೋಡುವುದು, ಇಂಥವು. ಅಷ್ಟೇ. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಆ ಪಾಲಿನವರು ತುರ್ತು ಚಿಕಿತ್ಸಾ ಘಟಕಕ್ಕೆ ಓಡಿದ್ದು ಕಡಿಮೆ, ಶೇ. 41ರ ಬದಲು ಶೇ. 34. 2017ರಲ್ಲಿ ಬದುಕಿದ ಅವಧಿಯ ಲೆಕ್ಕವೂ ಬಂತು: ಎಂದಿನ ಆರೈಕೆಯವರದು ಮಧ್ಯಮಾಂಕ 26 ತಿಂಗಳು, ತಾವೇ ವರದಿ ಮಾಡುತ್ತಿದ್ದವರದು 31.2 ತಿಂಗಳು. ಐದು ತಿಂಗಳ ಆಯುಸ್ಸು ಕೊಡುವ ಹೊಸ ಮಾತ್ರೆ ಬಂದಿದ್ದರೆ ಅದರ ಬೆಲೆ ತಿಂಗಳಿಗೆ ಲಕ್ಷಗಳಲ್ಲಿ ಇರುತ್ತಿತ್ತು.

ಇಲ್ಲಿಗೇ ನಿಲ್ಲಿಸಿದರೆ ಕಥೆ ಚೆಂದ. ಆದರೆ ಬಾಶ್ ಅವರೇ ಮುಂದೆ ಅಮೆರಿಕದ 52 ಸಣ್ಣ ಕ್ಯಾನ್ಸರ್ ಕೇಂದ್ರಗಳಲ್ಲಿ 1,191 ರೋಗಿಗಳ ಮೇಲೆ ಇಂಥದೇ ಪ್ರಯೋಗ ಮಾಡಿದಾಗ ಆಯುಸ್ಸು ಹೆಚ್ಚಿದ್ದು ಕಾಣಲಿಲ್ಲ. ಓಡಾಡುವ ಶಕ್ತಿ, ತೊಂದರೆಗಳ ಹತೋಟಿ, ಬದುಕಿನ ಗುಣಮಟ್ಟ ಸುಧಾರಿಸಿದ್ದು ನಿಜ. ನನಗೆ ಅಷ್ಟೇ ಸಾಕು ಅನಿಸುತ್ತದೆ. ವಾಂತಿ ನಿಂತಿತು, ಎದ್ದು ಹಿತ್ತಲಿಗೆ ಹೋಗಿಬರಲು ಆಯಿತು ಎಂಬುದಕ್ಕೆ ಆಯುಸ್ಸಿನ ಸರ್ಟಿಫಿಕೇಟು ಬೇಕೇ? ಮೊದಲ ಪ್ರಯೋಗದ ಇನ್ನೊಂದು ವಿವರ ನಮಗೆ ಕೆಲಸಕ್ಕೆ ಬರುವಂಥದ್ದು: ಕಂಪ್ಯೂಟರ್ ಬಳಕೆ ಅಷ್ಟಾಗಿ ಇಲ್ಲದವರಿಗೇ ಇದರಿಂದ ಹೆಚ್ಚು ಪ್ರಯೋಜನವಾಗಿತ್ತು. "ನಮ್ಮ ಹಳ್ಳಿ ಜನಕ್ಕೆ ಇದೆಲ್ಲ ಎಲ್ಲಿ ತಿಳಿಯುತ್ತೆ" ಎನ್ನುವವರು ಇದನ್ನು ಓದಿಕೊಳ್ಳಬೇಕು.

ಭಾರತದಲ್ಲಿ ಎಣಿಕೆ ಇಲ್ಲವೆಂದಲ್ಲ. ಕ್ಯಾನ್ಸರ್ ಎಷ್ಟು ಜನಕ್ಕೆ ಬರುತ್ತದೆ ಎಂದು ನಾವು 1980ರ ದಶಕದ ಆರಂಭದಿಂದ ಎಣಿಸುತ್ತಿದ್ದೇವೆ. ಮೊದಲ ನೋಂದಣಿ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು, ಕಿದ್ವಾಯಿ ಸಂಸ್ಥೆಯಲ್ಲಿ. ದೇಶದ ಲೆಕ್ಕವನ್ನೆಲ್ಲ ಒಟ್ಟು ಮಾಡುವ ಐಸಿಎಂಆರ್‌ನ ಕೇಂದ್ರವೂ ಬೆಂಗಳೂರಿನಲ್ಲೇ ಇದೆ. 2022ಕ್ಕೆ ಅದರ ಅಂದಾಜು ಹೊಸದಾಗಿ 14.6 ಲಕ್ಷ ರೋಗಿಗಳು. ಯಾವ ಅಂಗ, ಯಾವ ಹಂತ, ಯಾವ ಜಿಲ್ಲೆ ಎಲ್ಲ ಸಿಗುತ್ತದೆ. ಆ 14.6 ಲಕ್ಷ ಜನ ಯಾವ ಯಾವ ಬಾಗಿಲು ತಟ್ಟಿ ಬಂದರು, ಎಲ್ಲಿ ಮಲಗಿದರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ 'ಮೇರಾ ಅಸ್ಪತಾಲ್' ಎಂಬ ವ್ಯವಸ್ಥೆ ತಂದು ಎಸ್ಸೆಮ್ಮೆಸ್, ಫೋನಿನ ಮೂಲಕ ರೋಗಿಗಳನ್ನು ಕೇಳಲು ಶುರುಮಾಡಿತು. ಅದು ಒಳ್ಳೆಯ ಹೆಜ್ಜೆಯೇ, ಆದರೆ ಅದೂ ತೃಪ್ತಿಯ ಸುತ್ತಲೇ ಸುತ್ತುತ್ತದೆ, ನೆಗಡಿಗೂ ಕ್ಯಾನ್ಸರಿಗೂ ಅದೇ ಪ್ರಶ್ನೆ. ಸಂಶೋಧಕರ ಬಳಿ 1993ರಲ್ಲಿ ಯುರೋಪಿನಲ್ಲಿ ಸಿದ್ಧವಾದ ಮೂವತ್ತು ಪ್ರಶ್ನೆಗಳ ಜೀವನ ಗುಣಮಟ್ಟದ ಫಾರಂ ಕನ್ನಡದಲ್ಲೂ ಇದೆ. ಅದು ಕೇಳುವುದು ಮೈ ಹೇಗಿದೆ, ಮನಸ್ಸು ಹೇಗಿದೆ ಎಂದು. ಪ್ರಬಂಧ ಮುಗಿಯುವವರೆಗೆ ಅದಕ್ಕೆ ಕೆಲಸ, ಆಮೇಲೆ ಕಪಾಟು.

ಬೇರೆ ದೇಶದ ಪ್ರಶ್ನಾವಳಿಯನ್ನು ಹಾಗೆಯೇ ಎತ್ತಿ ತರುವುದೂ ಸರಿಯಲ್ಲ. ಇಂಗ್ಲೆಂಡಿನವರಿಗೆ ಹೊಳೆಯದ ಪ್ರಶ್ನೆಗಳು ನಮ್ಮಲ್ಲಿವೆ. ವಿಕಿರಣ ಚಿಕಿತ್ಸೆ ಅಂದರೆ ಹಲವರಿಗೆ ವಾರಕ್ಕೆ ಐದು ದಿನ, ಐದಾರು ವಾರ. ದಿನಕ್ಕೆ ಹದಿನೈದು ನಿಮಿಷದ ಕೆಲಸ, ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ಎಲ್ಲಿರಬೇಕು? ರಾಯಚೂರಿನಿಂದ, ಬೀದರಿನಿಂದ ಬಂದವರು ಧರ್ಮಶಾಲೆಯಲ್ಲಿ ಜಾಗ ಸಿಗುವವರೆಗೆ ಎಷ್ಟು ರಾತ್ರಿ ಕಾರಿಡಾರಿನಲ್ಲಿ ಮಲಗಿದರು? ಮೆಷಿನ್ ಕೆಟ್ಟಿದೆ ನಾಳೆ ಬನ್ನಿ ಎಂದು ಎಷ್ಟು ಸಲ ವಾಪಸು ಕಳಿಸಿದರು, ಅದನ್ನು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಬಹುದಿತ್ತೇ? ಹತ್ತಿರದ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಇದೇ ಚಿಕಿತ್ಸೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೇ? ಸರಕಾರಿ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಏನೇನು ಬರುತ್ತದೆ, ಏನು ಕೈಯಿಂದ ಹಾಕಬೇಕು ಎಂದು ಆಸ್ಪತ್ರೆಯಲ್ಲಿ ಆ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರು ಮೊದಲೇ ತಿಳಿಸಿದರೇ, ಬಯಾಪ್ಸಿ ಸ್ಲೈಡ್ ತರಲು ಎಷ್ಟು ಸಲ ಓಡಾಡಿದಿರಿ, ಚಿಕಿತ್ಸೆಗಾಗಿ ಏನನ್ನು ಮಾರಿದಿರಿ? ನಡುವೆ ಬಿಟ್ಟುಹೋಗಿದ್ದರೆ ಯಾಕೆ ಬಿಟ್ಟಿರಿ? ಚಿಕಿತ್ಸೆ ಅರ್ಧಕ್ಕೆ ಬಿಟ್ಟವರನ್ನು ನಮ್ಮ ಫೈಲುಗಳು 'ರೋಗಿ ಮತ್ತೆ ಬರಲಿಲ್ಲ' ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ತಪ್ಪು ರೋಗಿಯದೇ ಎಂಬ ಧ್ವನಿ ಅದರಲ್ಲಿದೆ. ಬಸ್ ಚಾರ್ಜು ಮುಗಿದಿತ್ತೋ, ಭತ್ತದ ನಾಟಿ ಬಂದಿತ್ತೋ, ಕೌಂಟರಿನಲ್ಲಿ ಯಾರೋ ಗದರಿದ್ದರೋ ಎಂದು ಕೇಳಿದವರಿಲ್ಲ.

ಉತ್ತರ ಕೊಡಲು ಉಳಿದಿರದವರ ಪ್ರಶ್ನೆ ಬೇರೆಯೇ ಇದೆ. ಬದುಕಿದ್ದಾರೆಯೇ ಎಂದು ನೋಡಿ ಲಕೋಟೆ ಕಳಿಸುವ ಸಮೀಕ್ಷೆಗೆ ತೀರಿಕೊಂಡವರ ಕೊನೆಯ ವಾರಗಳು ಕಾಣುವುದಿಲ್ಲ. ಆರೈಕೆ ಅತ್ಯಂತ ಕೆಟ್ಟಿರುವ ಸಾಧ್ಯತೆ ಇರುವುದೂ ಅಲ್ಲಿಯೇ. ಇಂಗ್ಲೆಂಡ್ ಅದಕ್ಕಾಗಿ 2011ರಿಂದ 2015ರವರೆಗೆ, ಸಾವನ್ನು ನೋಂದಣಿ ಮಾಡಿಸಿದವರಿಗೆ ಕೆಲವು ತಿಂಗಳ ನಂತರ ಬೇರೆ ಪ್ರಶ್ನಾವಳಿ ಕಳಿಸಿ ಕೇಳಿತು: ನೋವು ಹತೋಟಿಯಲ್ಲಿತ್ತೇ, ಅವರು ಬಯಸಿದ ಕಡೆಯೇ ಪ್ರಾಣ ಹೋಯಿತೇ? ನಮ್ಮಲ್ಲಿ ತಿಥಿ ಮುಗಿಸಿದ ಮನೆಗೆ ಆಸ್ಪತ್ರೆಯಿಂದ ಫೋನ್ ಬಂದರೆ ಹೇಗೆ ತೆಗೆದುಕೊಳ್ಳುತ್ತಾರೋ ಎಂಬ ಅಳುಕು ಇರುವುದೇ. ಆದರೆ ಸಾವಿನ ಮನೆಯಲ್ಲಿ ಕೊನೆಯ ದಿನಗಳ ಮಾತು ತಾನಾಗಿಯೇ ಎಷ್ಟು ಬರುತ್ತದೆ ಎಂಬುದನ್ನು ಕಂಡವರು, ಕೇಳುವವರಿದ್ದರೆ ಹೇಳುವವರು ಇದ್ದಾರೆ ಎಂಬುದನ್ನು ಒಪ್ಪುತ್ತಾರೆ.

ಇದೆಲ್ಲ ಯಾರು ಮಾಡಬೇಕು? ಆಸ್ಪತ್ರೆ ತನ್ನನ್ನು ತಾನೇ ಅಳೆದುಕೊಂಡರೆ ಹಳದಿ ಮುಖದ ಹಾಳೆಗಿಂತ ಮುಂದೆ ಹೋಗುವುದಿಲ್ಲ. ಕರ್ನಾಟಕದಲ್ಲಿ ಬಡ ಕ್ಯಾನ್ಸರ್ ರೋಗಿಗಳ ಪರವಾಗಿ ಸರಕಾರಿ ಆಸ್ಪತ್ರೆಗೂ ಖಾಸಗಿಗೂ ದುಡ್ಡು ಕಟ್ಟುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಯಾರಿಗೆ, ಯಾವ ಆಸ್ಪತ್ರೆಯಲ್ಲಿ, ಯಾವ ಚಿಕಿತ್ಸೆ ಎಂಬುದು ಅದರ ಕಡತದಲ್ಲಿ ಇರುತ್ತದೆ. ದುಡ್ಡು ಕಟ್ಟುವವರಿಗೆ ಕೇಳುವ ಹಕ್ಕೂ ಇದೆ, ಕೇಳಿಸಿಕೊಳ್ಳುವಂತೆ ಮಾಡುವ ಶಕ್ತಿಯೂ ಇದೆ. ಚಿಕಿತ್ಸೆಯಾಗಿ ಒಂದೆರಡು ತಿಂಗಳ ನಂತರ, ಆಸ್ಪತ್ರೆಗೆ ಸೇರದ ಒಬ್ಬರು ಫೋನ್ ಮಾಡಿ ಏಳೆಂಟು ಪ್ರಶ್ನೆ ಕೇಳಲಿ. ಯಂತ್ರದ ದನಿಯಲ್ಲಿ 'ಒಂದನ್ನು ಒತ್ತಿ' ಅಲ್ಲ, ಮನುಷ್ಯರು ಮಾತಾಡಲಿ, ಕಲಬುರಗಿಯವರಿಗೆ ಕಲಬುರಗಿಯ ಮಾತಿನಲ್ಲಿ, ಪುತ್ತೂರಿನವರಿಗೆ ತುಳುವಿನಲ್ಲಿ. ವರ್ಷಕ್ಕೊಮ್ಮೆ ಆಸ್ಪತ್ರೆಯ ಹೆಸರಿನ ಮುಂದೆ ಪ್ರಶ್ನೆವಾರು ಅಂಕಿ ಹಾಕಿ ಪ್ರಕಟಿಸಲಿ. ಕಡಿಮೆ ಬಂದವರಿಗೆ ದಂಡ ಬೇಡ, ದಂಡ ಹಾಕಿದರೆ ಅಂಕಿಯನ್ನೇ ತಿದ್ದುವ ಉಪಾಯ ಹುಡುಕುತ್ತಾರೆ. ಮುಂದಿನ ವರ್ಷಕ್ಕೆ ಯಾವ ಎರಡು ಪ್ರಶ್ನೆಯ ಅಂಕಿ ಸರಿಮಾಡುತ್ತೀರಿ, ಯಾರು ಮಾಡುತ್ತಾರೆ ಎಂದು ಒಬ್ಬರ ಹೆಸರು ಬರೆಸಿಕೊಂಡರೆ ಸಾಕು. ಮೊದಲ ವರ್ಷ ಎಲ್ಲರೂ ಪ್ರಶ್ನೆಗಳೇ ಸರಿಯಿಲ್ಲ ಎನ್ನುತ್ತಾರೆ. ಕೆಲವು ನಿಜಕ್ಕೂ ಸರಿ ಇರುವುದಿಲ್ಲ, ಅವನ್ನು ತಿದ್ದಿ ಎರಡನೇ ವರ್ಷ ಮತ್ತೆ ಫೋನ್ ಹಚ್ಚಬೇಕು.